ರೈಲಿಗಿಂತ ಮುಂಚೆ ನಡೆದವಳು

ಅಮೆರಿಕದ ಯೂಟಾದಲ್ಲಿ ‘ಪಯೊನಿಯರ್’ ಅನ್ನಿಸಿಕೊಳ್ಳಲು ಒಂದು ತಾರೀಖಿನ ಗೆರೆಯಿದೆ: 1869ರ ಮೇ 10. ಪೂರ್ವದಿಂದ ಹಾಕಿಕೊಂಡು ಬಂದ ರೈಲು ಹಳಿ, ಪಶ್ಚಿಮದಿಂದ ಬಂದ ಹಳಿ ಎರಡೂ ಅಂದು ಯೂಟಾದ ಪ್ರಾಮಂಟರಿ ಎಂಬಲ್ಲಿ ಕೂಡಿಕೊಂಡವು. ಅದಕ್ಕಿಂತ ಮುಂಚೆ ಎತ್ತಿನ ಗಾಡಿಯಲ್ಲೋ, ಕೈಗಾಡಿ ಎಳೆದುಕೊಂಡೋ, ಬರಿಗಾಲಲ್ಲೋ ಆ ಸೀಮೆಗೆ ಬಂದವರು ಪಯೊನಿಯರುಗಳು. ಆಮೇಲೆ ರೈಲಿನಲ್ಲಿ ಬಂದಿಳಿದವರು ಬರೀ ವಲಸೆ ಬಂದವರು. ಅಲ್ಲಿನ ಹೆಣ್ಣುಮಕ್ಕಳು 1901ರಲ್ಲಿ ಕಟ್ಟಿಕೊಂಡ ‘ಡಾಟರ್ಸ್ ಆಫ್ ಯೂಟಾ ಪಯೊನಿಯರ್ಸ್’ ಎಂಬ ಸಂಘಕ್ಕೆ ಸೇರಬೇಕಾದರೆ ಇವತ್ತಿಗೂ ಇದೇ ಲೆಕ್ಕ. ನಿಮ್ಮ ಅಜ್ಜಿಯ ಅಜ್ಜಿ ರೈಲಿಗಿಂತ ಮುಂಚೆ ಬಂದಳೋ, ಆಮೇಲೆ ಬಂದಳೋ?

ಎಂ.ಎ. ಓದುವಾಗ ಆತ್ಮಚರಿತ್ರೆ, ದಿನಚರಿಗಳ ಪತ್ರಿಕೆಯೊಂದಿತ್ತು. ಅದಕ್ಕಾಗಿ ಮಾರ್ಮನ್ ಹೆಂಗಸರ ದಿನಚರಿಗಳನ್ನು ಓದುತ್ತಿದ್ದಾಗ ಈ ನಿಯಮ ಕಣ್ಣಿಗೆ ಬಿತ್ತು. ಗ್ರಂಥಾಲಯದಲ್ಲಿ ಕೂತಿದ್ದ ನನಗೆ ಅರಸೀಕೆರೆ ಜಂಕ್ಷನ್ ನೆನಪಾಯಿತು.

ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಲಂಬಾಣಿ ತಾಂಡಾ. ಗಾಳಿ ಆ ಕಡೆಯಿಂದ ಬೀಸಿದ ರಾತ್ರಿ ರೈಲಿನ ಸದ್ದು ಕೇಳಿಸುತ್ತದೆ. 1880ರ ದಶಕ ಮುಗಿಯುವ ಹೊತ್ತಿಗೆ ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ, ಬೀರೂರು ಹಾದು ಹರಿಹರದವರೆಗೆ ಹಳಿ ಬಿದ್ದಿತ್ತು. ಮುಂದೆ ಹಾಸನ, ಮೈಸೂರಿನ ಕಡೆಗೂ ಕವಲೊಡೆದು ಅರಸೀಕೆರೆ ಜಂಕ್ಷನ್ ಆಯಿತು. ಊರವರಿಗೆಲ್ಲ ಅದು ಹೆಮ್ಮೆ. ನನ್ನ ದಾದಿಗೆ ಮಾತ್ರ ರೈಲನ್ನು ಕಂಡರೆ ಆಗುತ್ತಿರಲಿಲ್ಲ. ‘ನಮ್ಮ ಎತ್ತುಗಳನ್ನು ತಿಂದದ್ದು ಅದೇ’ ಅನ್ನುತ್ತಿದ್ದಳು. ದಾದಿ ಅಂದರೆ ನಮ್ಮ ಮಾತಿನಲ್ಲಿ ಅಪ್ಪನ ತಾಯಿ. ಶಾಲೆಯಲ್ಲಿ ‘ನಮ್ಮ ದಾದಿ’ ಅಂದಾಗ ಗೆಳತಿಯರು ಅವಳು ಸರ್ಕಾರಿ ಆಸ್ಪತ್ರೆಯ ನರ್ಸು ಅಂದುಕೊಂಡಿದ್ದರು. ನಾನೂ ಬಹಳ ದಿನ ತಿದ್ದಲಿಲ್ಲ.

ರೈಲು ಎತ್ತನ್ನು ತಿಂದ ಕತೆ ದಾದಿ ಕಟ್ಟಿದ್ದಲ್ಲ. ಬಂಜಾರರು, ಅಂದರೆ ನಮ್ಮವರು, ನೂರಾರು ವರ್ಷ ಹೇರೆತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ನಾಡಿನ ಉದ್ದಗಲಕ್ಕೂ ನಡೆದವರು. ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲು ಒಟ್ಟಿಗೆ ಹೋಗುವುದನ್ನು 17ನೇ ಶತಮಾನದ ಫ್ರೆಂಚ್ ವ್ಯಾಪಾರಿ ತಾವರ್ನಿಯೇ ಬರೆದಿಟ್ಟಿದ್ದಾನೆ. ಮೊಗಲರ ಸೈನ್ಯ ದಕ್ಷಿಣಕ್ಕೆ ಬಂದಾಗ ಅದರ ಹಿಂದೆ ದವಸ ಹೊತ್ತುಬಂದದ್ದು ಈ ಎತ್ತುಗಳೇ. 1792ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣವನ್ನು ಮುತ್ತಿದಾಗ ಅವನ ದಂಡಿಗೆ ಅಕ್ಕಿ ಮುಟ್ಟಿಸಿದವರಲ್ಲೂ ಬಂಜಾರರಿದ್ದರು. ಯುದ್ಧ ಯಾರದೇ ಇರಲಿ, ಅನ್ನ ಹೊತ್ತವರು ನಮ್ಮವರು. ಸಾಲು ಬೀಡು ಬಿಟ್ಟ ಜಾಗಕ್ಕೆ ತಾಂಡಾ ಅನ್ನುತ್ತಿದ್ದರು. ಗಾಡಿರಸ್ತೆ ಬಂತು, ರೈಲು ಬಂತು, ಉಪ್ಪು ರೈಲಿನಲ್ಲಿ ಬರತೊಡಗಿತು. ಎತ್ತಿಗೆ ಹೇರಿಲ್ಲದಾಯಿತು. ಬೀಡು ಬಿಟ್ಟಲ್ಲೇ ಬೀಡು ನಿಂತಿತು. ಅಲ್ಲಿಯವರೆಗೆ ನಡೆಯುತ್ತಿದ್ದ ತಾಂಡಾ ಅಂದಿನಿಂದ ಊರಾಯಿತು, ಆದರೆ ಹೆಸರು ತಾಂಡಾ ಅಂತಲೇ ಉಳಿಯಿತು.

ದಾದಿಯ ನಾನಿ, ಅಂದರೆ ಅವಳ ತಾಯಿಯ ತಾಯಿ, ಹುಡುಗಿಯಾಗಿದ್ದಾಗ ಹೇರೆತ್ತಿನ ಜೊತೆ ನಡೆದಿದ್ದಳಂತೆ. ಯೂಟಾದ ಲೆಕ್ಕದಲ್ಲಿ ಹೇಳುವುದಾದರೆ ಅವಳು ಅರಸೀಕೆರೆಯ ಪಯೊನಿಯರ್. ನಮ್ಮಲ್ಲಿ ಅಂಥ ಲೆಕ್ಕ ಇಟ್ಟವರಿಲ್ಲ. ಹಾಗಾಗಿ ಬೇರೆಯವರ ಅಜ್ಜಿಯರ ದಿನಚರಿ ಓದುತ್ತ ನನ್ನ ದಾದಿಯ ಮಾತುಗಳನ್ನು ಅದರ ಪಕ್ಕಕ್ಕಿಟ್ಟು ನೋಡುವುದು ನನಗೆ ಅಭ್ಯಾಸವಾಯಿತು.

ಮಾರ್ಮನ್ನರ ಕತೆ ನಮ್ಮ ಓದುಗರಿಗೆ ಅಷ್ಟು ಪರಿಚಯವಿಲ್ಲದ್ದು. 1830ರಲ್ಲಿ ನ್ಯೂಯಾರ್ಕ್ ಸೀಮೆಯಲ್ಲಿ ಜೋಸೆಫ್ ಸ್ಮಿತ್ ಎಂಬ ಯುವಕ ಕಟ್ಟಿದ ಹೊಸ ಕ್ರೈಸ್ತ ಪಂಥ ಅದು. ಹೋದಲ್ಲೆಲ್ಲ ನೆರೆಯವರು ಅವರನ್ನು ಓಡಿಸಿದರು. ಇಲಿನಾಯ್ ರಾಜ್ಯದ ನಾವೂ ಎಂಬಲ್ಲಿ ಊರು ಕಟ್ಟಿಕೊಂಡರು. 1844ರಲ್ಲಿ ದೊಂಬಿಯೊಂದು ಸ್ಮಿತ್‌ನನ್ನು ಜೈಲಿನಲ್ಲೇ ಕೊಂದಿತು. 1846ರ ಫೆಬ್ರವರಿಯ ಚಳಿಯಲ್ಲಿ ಮನೆಮಠ ಬಿಟ್ಟು, ಮಿಸಿಸಿಪ್ಪಿ ನದಿ ದಾಟಿ ಪಶ್ಚಿಮಕ್ಕೆ ಹೊರಟರು. ಬ್ರಿಗಮ್ ಯಂಗ್‌ನ ಮುಂದಾಳ್ತನದಲ್ಲಿ ಮೊದಲ ತಂಡ ಸಾಲ್ಟ್ ಲೇಕ್ ಕಣಿವೆ ಮುಟ್ಟಿದ್ದು 1847ರ ಜುಲೈನಲ್ಲಿ. ಜುಲೈ 24 ಅಲ್ಲಿ ಇವತ್ತಿಗೂ ಹಬ್ಬ. ಹೆಚ್ಚುಕಡಿಮೆ 2,100 ಕಿಲೋಮೀಟರ್ ದಾರಿ. ಆ ಮೊದಲ ತಂಡದಲ್ಲಿ 143 ಗಂಡಸರಿದ್ದರು, ಹೆಂಗಸರು ಮೂವರು. ಆಮೇಲೆ ರೈಲು ಬರುವವರೆಗಿನ ಇಪ್ಪತ್ತೆರಡು ವರ್ಷಗಳಲ್ಲಿ ಸುಮಾರು 70,000 ಜನ ಆ ದಾರಿ ಹಿಡಿದರು. ಅವರಲ್ಲಿ ಹೆಂಗಸರು, ಮಕ್ಕಳು ಸಾವಿರಗಟ್ಟಲೆ.

ಗಾಡಿ ಕೊಳ್ಳಲು ಕಾಸಿಲ್ಲದ ಬಡವರು 1856ರಿಂದ 1860ರವರೆಗೆ ಕೈಗಾಡಿ ಎಳೆದರು. ಹೆಚ್ಚಿನವರು ಇಂಗ್ಲೆಂಡಿನಿಂದ, ಸ್ಕ್ಯಾಂಡಿನೇವಿಯಾದಿಂದ ಹಡಗು ಹತ್ತಿ ಬಂದವರು. ಎರಡು ಚಕ್ರ, ಒಂದು ಮರದ ಪೆಟ್ಟಿಗೆ, ಎಳೆಯಲು ಅಡ್ಡಪಟ್ಟಿ, ಇಷ್ಟೇ ಗಾಡಿ. ಒಬ್ಬೊಬ್ಬ ವಯಸ್ಕರಿಗೆ ಹದಿನೇಳು ಪೌಂಡು ಸಾಮಾನು, ಅಂದರೆ ಎಂಟು ಕಿಲೋ ಕೂಡ ಇಲ್ಲ. ಬಟ್ಟೆ, ಹಾಸಿಗೆ, ಪಾತ್ರೆ ಎಲ್ಲ ಅದರಲ್ಲೇ. ಒಬ್ಬ ಹೆಂಗಸು ತನ್ನ ಇಡೀ ಮನೆಯಿಂದ ಎಂಟು ಕಿಲೋ ಆರಿಸಿಕೊಳ್ಳಬೇಕು. 1856ರಲ್ಲಿ ತಡವಾಗಿ ಹೊರಟ ವಿಲಿ ಮತ್ತು ಮಾರ್ಟಿನ್ ತಂಡಗಳು ಹಿಮದಲ್ಲಿ ಸಿಕ್ಕಿಕೊಂಡವು. ಎರಡರಲ್ಲೂ ಸೇರಿ ಸುಮಾರು ಸಾವಿರ ಜನ, ಇನ್ನೂರಕ್ಕೂ ಹೆಚ್ಚು ಮಂದಿ ದಾರಿಯಲ್ಲೇ ಸತ್ತರು.

ಇದನ್ನು ದಾದಿಗೆ ಹೇಳಿದ್ದೆ. ಹಿಮ ಅಂದರೇನೆಂದು ಅವಳಿಗೆ ವಿವರಿಸುವುದು ಕಷ್ಟವಾಯಿತು. ಆದರೆ ಎಂಟು ಕಿಲೋ ಅಂದಕೂಡಲೇ ಅರ್ಥವಾಯಿತು. ‘ಎತ್ತು ಇರಲಿಲ್ಲವಾ ಅವರಿಗೆ? ಹಂಗಾದರೆ ಅವರು ನಮಗಿಂತ ಬಡವರು ಛೋರಿ’ ಅಂದಳು.

ದಾರಿಯ ಕೆಲಸಗಳ ವಿಷಯಕ್ಕೆ ಬಂದರೆ ಇಬ್ಬರೂ ಒಂದೇ ಮನೆಯವರ ಹಾಗೆ. ಮರವಿಲ್ಲದ ಬಯಲಿನಲ್ಲಿ ಮಾರ್ಮನ್ ಹೆಂಗಸರು ಬೈಸನ್‌ಗಳ ಒಣಗಿದ ಸಗಣಿಯನ್ನು ಮಡಿಲಲ್ಲಿ ಆಯ್ದುಕೊಂಡು ಒಲೆ ಹಚ್ಚುತ್ತಿದ್ದರು. ಮೊದಮೊದಲು ಕೈಯಲ್ಲಿ ಮುಟ್ಟಲು ಹೇಸಿದವರು ವಾರ ಕಳೆಯುವುದರೊಳಗೆ ಹೇಸಿಗೆ ಬಿಟ್ಟರು. ನಮ್ಮವರಿಗೆ ಹೇಸಿಗೆಯ ಮಾತೇ ಇರಲಿಲ್ಲ. ಸಾವಿರ ಎತ್ತಿನ ಹಿಂದೆ ನಡೆಯುವವರಿಗೆ ಬೆರಣಿಗೆ ಬರವೇ? ಅವರು ಬೆಳಿಗ್ಗೆ ಹಾಲನ್ನು ಗಾಡಿಗೆ ತೂಗುಹಾಕುತ್ತಿದ್ದರು. ದಾರಿಯ ಕುಲುಕಿಗೆ ಸಂಜೆಯೊಳಗೆ ಬೆಣ್ಣೆ ಕೂಡಿರುತ್ತಿತ್ತು. ಇದನ್ನು ಕೇಳಿ ದಾದಿ ಮೆಚ್ಚಿಕೊಂಡಳು. ಹೆರಿಗೆ ದಾರಿಯಲ್ಲೇ ಆಗುತ್ತಿತ್ತು, ಅಲ್ಲೂ ಇಲ್ಲೂ. ಬಾಣಂತಿಗೆಂದು ಸಾಲು ನಿಲ್ಲುತ್ತಿರಲಿಲ್ಲ, ಅಲ್ಲೂ ಇಲ್ಲೂ. ಸತ್ತ ಕೂಸನ್ನು ದಾರಿ ಬದಿಗೆ ಹೂತು, ನರಿ ಬಗೆಯದಂತೆ ಕಲ್ಲು ಹೇರಿ, ಮರುದಿನ ನಡೆಯಲೇಬೇಕಿತ್ತು. ದಾದಿಯ ನಾನಿ ತನ್ನ ತಮ್ಮನೊಬ್ಬನನ್ನು ಹೀಗೆ ಬಿಟ್ಟುಬಂದ ಜಾಗವನ್ನು ‘ಎರಡು ಹುಣಸೆಮರ, ಒಂದು ಒಣಕೆರೆ’ ಎಂದು ಗುರುತು ಹೇಳುತ್ತಿದ್ದಳಂತೆ. ಅರಸೀಕೆರೆ ಸೀಮೆಯಲ್ಲಿ ಅಂಥ ಜಾಗ ನೂರಿವೆ.

ನಂಬಿಕೆಯೂ ಇಬ್ಬರಿಗೂ ಬೆನ್ನಿಗಿತ್ತು. ಅವರು ತಮ್ಮದೇ ಒಂದು ದೇವನಗರ ಕಟ್ಟಲು ಹೊರಟವರು. ನಮ್ಮವರು ನಗರದ ಕನಸು ಕಂಡವರಲ್ಲ. ಮರಿಯಮ್ಮನನ್ನು ಜೊತೆಯಲ್ಲೇ ಕರೆದೊಯ್ದರು. 1739ರಲ್ಲಿ ಸೂರಗೊಂಡನಕೊಪ್ಪದಲ್ಲಿ ಹುಟ್ಟಿದ ಸೇವಾಲಾಲರನ್ನು ಗುರುವೆಂದು ನೆನೆದರು. ತಂಗಿದಲ್ಲಿ ಬೆಂಕಿಗೆ ಬೆಲ್ಲ ತುಪ್ಪದ ಭೋಗ ಕೊಟ್ಟು ಅರ್ದಾಸ್ ಹೇಳಿದರೆ ಅದೇ ಗುಡಿ. ಬೆಂಕಿ ಆರಿದ ಮೇಲೆ ಗುಡಿಯೂ ಇಲ್ಲ.

ಇಷ್ಟರವರೆಗೆ ಇಬ್ಬರೂ ಜೊತೆಜೊತೆಗೆ ನಡೆಯುತ್ತಾರೆ. ದಾರಿ ಬೇರೆಯಾಗುವುದು ಬರವಣಿಗೆಯ ಹತ್ತಿರ.

ಪ್ಯಾಟಿ ಸೆಷನ್ಸ್ ಎಂಬ ಸೂಲಗಿತ್ತಿ 1846ರಲ್ಲಿ ನಾವೂ ಬಿಡುವಾಗ 51 ವರ್ಷದವಳು. ಹೊರಡುವಾಗಲೇ ದಿನಚರಿ ತೆರೆದಳು. ಮರುವರ್ಷ ನಾಲ್ಕು ಎತ್ತಿನ ಗಾಡಿಯನ್ನು ತಾನೇ ಹೊಡೆದುಕೊಂಡು ಕಣಿವೆ ತಲುಪಿದಳು. ಎಲ್ಲಿ ತಂಗಿದರು, ಯಾರಿಗೆ ಗಂಡು, ಯಾರಿಗೆ ಹೆಣ್ಣು, ಯಾರು ದುಡ್ಡು ಕೊಟ್ಟರು, ಯಾರು ಕೊಡಲಿಲ್ಲ, ಎಲ್ಲವೂ ಚಿಕ್ಕ ಚಿಕ್ಕ ಸಾಲುಗಳಲ್ಲಿವೆ. ಅವಳ ಕೈಯಲ್ಲಾದ ಹೆರಿಗೆಗಳ ಲೆಕ್ಕ 3,997 ಎನ್ನುತ್ತಾರೆ. ಮಾರ್ಮನ್ನರಲ್ಲಿ ಆಗ ಬಹುಪತ್ನಿತ್ವವಿತ್ತು. ಗಂಡ ಇನ್ನೊಬ್ಬಳನ್ನು ತಂದಾಗಿನ ಸಂಕಟವನ್ನೂ ಆಕೆ ಹೆರಿಗೆಯ ಲೆಕ್ಕದ ನಡುವೆಯೇ ಬರೆದಿದ್ದಾಳೆ. ಅತ್ತದ್ದನ್ನು ಬರೆದು, ಮರುದಿನ ಬಟ್ಟೆ ಒಗೆದದ್ದನ್ನು ಬರೆದಿದ್ದಾಳೆ.

ಜೇನ್ ಮ್ಯಾನಿಂಗ್ ಜೇಮ್ಸ್ ಬರೆಯಲು ಬಾರದ ಕಪ್ಪು ಹೆಂಗಸು. 1843ರಲ್ಲಿ ದೋಣಿ ಹತ್ತಿಸಿಕೊಳ್ಳದಿದ್ದಾಗ ಮನೆಯವರೊಂದಿಗೆ ಸುಮಾರು 1,300 ಕಿಲೋಮೀಟರ್ ನಡೆದೇ ನಾವೂ ಸೇರಿದಳು. ಬೂಟು ಸವೆದು ಕಾಲು ಒಡೆದು ನೆತ್ತರಾಯಿತು. 1847ರಲ್ಲಿ ಸಾಲ್ಟ್ ಲೇಕ್ ಕಣಿವೆಗೂ ಬಂದಳು. ದೇವಾಲಯದ ವಿಧಿಗಳನ್ನು ತನಗೂ ಕೊಡಿ ಎಂದು ಮತ್ತೆ ಮತ್ತೆ ಕೇಳಿಕೊಂಡಳು. ಬಣ್ಣದ ಕಾರಣಕ್ಕೆ ಕೊಡಲಿಲ್ಲ. ಆದರೆ ಅವಳು ಮುಪ್ಪಿನಲ್ಲಿ ಹೇಳಿ ಬರೆಸಿದ ತನ್ನ ಕತೆ ಉಳಿದಿದೆ. ಬಾಗಿಲು ತೆರೆಯದಿದ್ದವರ ಮೊಮ್ಮಕ್ಕಳು ಇಂದು ಅದನ್ನು ಓದುತ್ತಾರೆ.

ಪ್ರತಿ ತಂಡಕ್ಕೂ ಒಬ್ಬ ಗುಮಾಸ್ತನಿರುತ್ತಿದ್ದ. ಯಾರು ಹೊರಟರು, ಯಾರು ಸತ್ತರು, ಇವತ್ತು ಎಷ್ಟು ಮೈಲಿ ಎಂದು ಬರೆಯುವುದು ಅವನ ಕೆಲಸ. ಆ ಪಟ್ಟಿಗಳಿಂದಲೇ ಇವತ್ತಿನ ಮೊಮ್ಮಗಳು ತನ್ನ ಅಜ್ಜಿ ಯಾವ ತಿಂಗಳು ಯಾವ ನದಿ ದಾಟಿದಳು ಎಂದು ಹುಡುಕಿ ತೆಗೆಯುತ್ತಾಳೆ.

ನಮ್ಮವರನ್ನೂ ಬರೆದುಕೊಂಡರು. ಆದರೆ ಬರೆದದ್ದು ಬೇರೆ ಪುಸ್ತಕದಲ್ಲಿ. ಯೂಟಾಕ್ಕೆ ರೈಲು ಬಂದ ಎರಡೇ ವರ್ಷಕ್ಕೆ, 1871ರಲ್ಲಿ, ಬ್ರಿಟಿಷ್ ಇಂಡಿಯಾದಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಬಂತು. ಕೆಲವು ಜಾತಿಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಅಂಟಿಸಿದ ಕಾಯ್ದೆ ಅದು. ಅಲೆದಾಡುವವರೆಂದರೆ ಅನುಮಾನ. ಹಲವು ಕಡೆ ಬಂಜಾರ ಗುಂಪುಗಳನ್ನೂ ಅದರಡಿ ತಂದರು. ಹೆಸರು ಬರೆಸಬೇಕು, ಹಾಜರಿ ಹಾಕಬೇಕು, ಅಪ್ಪಣೆಯಿಲ್ಲದೆ ಊರು ಬಿಡಬಾರದು. ನಿನ್ನೆಯವರೆಗೆ ಕಂಪನಿಯ ದಂಡಿಗೆ ಅಕ್ಕಿ ಹೊತ್ತವರು ಇಂದು ಪೊಲೀಸರ ಪಟ್ಟಿಯಲ್ಲಿ. 1952ರ ಆಗಸ್ಟ್ 31ರಂದು ಆ ಪಟ್ಟಿ ರದ್ದಾಯಿತು. ಅದಕ್ಕೇ ಆ ದಿನವನ್ನು ವಿಮುಕ್ತ ದಿನ ಎನ್ನುತ್ತಾರೆ. ಪಟ್ಟಿ ಹೋದರೂ ಗಾದೆ, ಬೈಗುಳ, ಬಸ್ಸಿನಲ್ಲಿ ಚೀಲ ಹತ್ತಿರಕ್ಕೆ ಎಳೆದುಕೊಳ್ಳುವ ಕೈ ಹೋಗಲಿಲ್ಲ. ಒಂದೇ ಶತಮಾನ, ಒಂದೇ ಎತ್ತು, ಒಂದೇ ಬೆರಣಿಯ ಬೆಂಕಿ. ನಡೆದ ಒಬ್ಬಳಿಗೆ ಪಯೊನಿಯರ್ ಎಂದು ಕಂಚಿನ ಪ್ರತಿಮೆ ಎದ್ದಿತು, ಇನ್ನೊಬ್ಬಳ ನಡಿಗೆಯೇ ಗುಮಾನಿಗೆ ಕಾರಣವಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಯೂಟಾದ ಆ ಕಣಿವೆಗಳು ಖಾಲಿ ಇರಲಿಲ್ಲ. ಯೂಟ್, ಶೋಶೋನಿ, ಪಾಯೂಟ್ ಜನ ಅಲ್ಲಿ ಬಾಳುತ್ತಿದ್ದರು. ಬಂದವರು ಹೊಳೆಯ ದಂಡೆಗಳನ್ನು ಹಿಡಿದಂತೆಲ್ಲ ಇದ್ದವರಿಗೆ ಬೇಟೆಯೂ ಕಾಳೂ ಕಡಿಮೆಯಾಯಿತು. 1863ರ ಜನವರಿಯಲ್ಲಿ ಬೇರ್ ನದಿಯ ದಡದಲ್ಲಿ ಅಮೆರಿಕದ ಸೈನ್ಯ ನೂರಾರು ಶೋಶೋನಿಗಳನ್ನು ಕೊಂದಿತು. ಕೊಲ್ಲಲ್ಪಟ್ಟವರಲ್ಲಿ ಹೆಂಗಸರು, ಕೂಸುಗಳು ಇದ್ದರು. ಶೋಶೋನಿ ಅಜ್ಜಿಯರೂ ಆ ನೆಲದಲ್ಲಿ ರೈಲಿಗಿಂತ ಮುಂಚೆಯೇ ಇದ್ದವರು. ಪಯೊನಿಯರ್ ಎಂಬ ಪದ ಅವರಿಗೆ ಸಲ್ಲಲಿಲ್ಲ. ಹಾಗಾಗಿ ಆ ಪದವನ್ನು ತಂದು ದಾದಿಯ ನಾನಿಗೆ ತೊಡಿಸಿ ಸಂಭ್ರಮಿಸುವ ಆಸೆ ನನಗಿಲ್ಲ. ಆ ಹೆಂಗಸರ ಲೆಕ್ಕದ ಪುಸ್ತಕ ಕಂಡರೆ ಮಾತ್ರ ಹೊಟ್ಟೆಯುರಿ.

ನಮ್ಮವರು ನೆಲ ಹಿಡಿದವರಲ್ಲ. ಗೋಮಾಳದ ಅಂಚು, ಕಾಡಿನ ಬದಿ, ಯಾರೂ ಬೇಡವೆಂದ ಕಲ್ಲುಭೂಮಿ, ಇಂಥಲ್ಲೇ ತಾಂಡಾಗಳು ನಿಂತದ್ದು. ಎಷ್ಟೋ ತಾಂಡಾಗಳು ಕಂದಾಯ ಇಲಾಖೆಯ ನಕ್ಷೆಯಲ್ಲಿ ಊರುಗಳೇ ಆಗಿರಲಿಲ್ಲ. ಮನೆಯಿದೆ, ಅದು ನಿಮ್ಮದು ಎನ್ನುವ ಕಾಗದವಿಲ್ಲ. 2017ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ತಾಂಡಾ, ಹಟ್ಟಿ, ಹಾಡಿಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಚುರುಕಾಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳ ಹಕ್ಕುಪತ್ರ ವಿತರಣೆ ನಡೆಯಿತು. ಹಳಿ ಬಿದ್ದು ನೂರಾ ಮೂವತ್ತು ವರ್ಷ ದಾಟಿದ ಮೇಲೆ ನಮ್ಮ ಬೀಡು ಊರೆಂದು ಕಾಗದ ಬಂತು.

ಕಾಗದವಿಲ್ಲದ ಕಲ್ಲುಭೂಮಿಯಲ್ಲಿ ರಾಗಿ ಬೆಳೆದು ವರ್ಷವಿಡೀ ಉಣ್ಣಲು ಆಗದು. ಹಾಗಾಗಿ ಎತ್ತು ಹೋದರೂ ನಡಿಗೆ ನಿಲ್ಲಲಿಲ್ಲ, ಬಸ್ಸು ಹತ್ತಿತು ಅಷ್ಟೇ. ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿಯುತ್ತಲೇ ತಾಂಡಾದ ಹೆಂಗಸರು ಗುಂಪಾಗಿ ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆ ಕಾಫಿ ಹಣ್ಣು ಕುಯ್ಯಲು ಹೋಗುತ್ತಿದ್ದರು. ಯಾಡಿ, ಅಂದರೆ ನಮ್ಮಮ್ಮ, ದಾದಿ, ನಾನು. ಪಾತ್ರೆ, ಹಾಸಿಗೆ, ಒಂದು ಚೀಲ ರಾಗಿಹಿಟ್ಟು. ಜಾವಗಲ್ ದಾಟಿ ಹಳೇಬೀಡು, ಅಲ್ಲಿಂದ 16 ಕಿಲೋಮೀಟರ್ ಬೇಲೂರು, ಬೇಲೂರಿನಿಂದ ಮುಂದೆ ಮಲೆನಾಡಿನ ನೆರಳು. ಒಣಸೀಮೆಯಿಂದ ಮಳೆಸೀಮೆಗೆ ಅರ್ಧ ದಿನದ ದಾರಿ. ಅಲ್ಲಿ ಲೈನ್ ಮನೆಯಲ್ಲಿ ಎರಡು ತಿಂಗಳು. ಕುಯ್ದ ಹಣ್ಣಿನ ತೂಕಕ್ಕೆ ಕೂಲಿ. ಒಂದು ತೋಟದಲ್ಲಿ ರೈಟರ ಹಾಜರಿ ಪುಸ್ತಕವನ್ನು ನಾನು ಇಣುಕಿ ನೋಡಿದ್ದೆ. ನಾಲ್ಕನೇ ತರಗತಿಯಲ್ಲಿದ್ದೆ, ಓದಲು ಬರುತ್ತಿತ್ತು. ಮೇಸ್ತ್ರಿಯ ಹೆಸರಿನ ಕೆಳಗೆ ‘ಲಂಬಾಣಿ ಹೆಣ್ಣಾಳು 14’ ಎಂದಿತ್ತು. ಹದಿನಾಲ್ಕರಲ್ಲಿ ದಾದಿ ಎಷ್ಟನೆಯವಳೆಂದು ಗೊತ್ತಾಗಲಿಲ್ಲ.

ಆ ದಾರಿಯಲ್ಲೇ ಒಮ್ಮೆ ಹಳೇಬೀಡಿನಲ್ಲಿ ಬಸ್ಸು ಕೆಟ್ಟು ನಿಂತಿತು. ಹೆಂಗಸರೆಲ್ಲ ಗುಡಿ ನೋಡಲು ಹೋದೆವು. ಹೊಯ್ಸಳೇಶ್ವರ ಗುಡಿಯ ಗೋಡೆಯ ಕೆಳಸಾಲಿನಲ್ಲಿ ಆನೆಗಳು, ಅದರ ಮೇಲೆ ಸಿಂಹ, ಕುದುರೆ, ಮೇಲೆ ರಾಮಾಯಣ, ಭಾರತ. ದಾದಿ ಗೋಡೆಯುದ್ದಕ್ಕೂ ಸಾವಕಾಶವಾಗಿ ನಡೆದು ಏನನ್ನೋ ಹುಡುಕುತ್ತಿದ್ದಳು. ಗುಡಿಯ ಎದುರಿನ ಮಂಟಪದಲ್ಲಿ ಕೂತ ದೊಡ್ಡ ನಂದಿಯ ಮುಂದೆ ನಿಂತಳು. ಕೈಮುಗಿದಳು. ಆಮೇಲೆ ಅದರ ಬೆನ್ನು ನೋಡಿ, ‘ಇಷ್ಟು ದೊಡ್ಡ ಎತ್ತು, ಬೆನ್ನ ಮೇಲೆ ಒಂದು ಗೂಣಿಯೂ ಇಲ್ಲ’ ಅಂದಳು. ಗೂಣಿ ಅಂದರೆ ಹೇರೆತ್ತಿನ ಎರಡು ಬದಿಗೆ ಇಳಿಬೀಳುವ ಚೀಲ. ಹೆಂಗಸರೆಲ್ಲ ನಕ್ಕರು.

ಆ ಮಾತು ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. 1117ರಲ್ಲಿ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದಾಗ ನಮ್ಮವರು ಈ ಸೀಮೆಗೆ ಬಂದೇ ಇರಲಿಲ್ಲ, ಅಲ್ಲಿ ನಮ್ಮ ಎತ್ತನ್ನು ಹುಡುಕಿ ಫಲವಿಲ್ಲ. ಆದರೆ ಯಾರೋ ಬಳಪದ ಕಲ್ಲು ಹೊತ್ತು ತಂದರು, ಯಾರೋ ಶಿಲ್ಪಿಗಳಿಗೆ ಅಕ್ಕಿ ಬೇಯಿಸಿದರು. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪದ ಬುಡದಲ್ಲಿ ಹೆಸರು ಕೊರೆದರು. ಪಟ್ಟದರಸಿ ಶಾಂತಲೆಯ ಹೆಸರು ಶಾಸನಗಳಲ್ಲಿದೆ. ಅರಸನಿಗೆ ಬೇರೆ ರಾಣಿಯರೂ ಇದ್ದರು. ಶ್ರವಣಬೆಳಗೊಳದಲ್ಲಿ 1123ರಲ್ಲಿ ಅವಳು ಕಟ್ಟಿಸಿದ ಬಸದಿಯ ಹೆಸರೇ ಸವತಿಗಂಧವಾರಣ. ಸವತಿಯರ ಪಾಲಿಗೆ ಮದಗಜ ಎಂಬ ಬಿರುದು ಅವಳದು. ಪ್ಯಾಟಿ ಸೆಷನ್ಸ್ ದಿನಚರಿಯಲ್ಲಿ ಅತ್ತು ಬರೆದದ್ದನ್ನು ಶಾಂತಲೆ ಬಿರುದಾಗಿ ತೊಟ್ಟು ಕಲ್ಲಿನಲ್ಲಿ ಬರೆಸಿದಳು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿದವು. ಕಲ್ಲು, ಕಾಗದ ಯಾವುದಾದರೊಂದು ಕೈಗೆಟುಕಿದವರು ಪಟ್ಟಿಗೆ ಸೇರುತ್ತಾರೆ.

ದಾದಿಗೆ ಎರಡೂ ಎಟುಕಲಿಲ್ಲ. ನಮ್ಮ ಗೋರಬೋಲಿಗೆ ತನ್ನದೇ ಲಿಪಿಯಿಲ್ಲ. ಅವಳ ಕೈಯಲ್ಲಿ ಇದ್ದದ್ದು ಸೂಜಿ. ಫೇಟಿಯಾದ ಅಂಚು, ಕಾಂಚಳಿಯ ಎದೆ, ತಲೆಯ ಮೇಲಿನ ಛಾಂಟಿಯಾ, ಎಲ್ಲದಕ್ಕೂ ಕನ್ನಡಿ, ಕವಡೆ, ಬಣ್ಣದ ದಾರ. ಮಾರ್ಮನ್ ಹೆಂಗಸರೂ ತುಂಡುಬಟ್ಟೆ ಜೋಡಿಸಿ ಹೊಲಿದ ರಜಾಯಿಗಳನ್ನು ಹೊತ್ತು ತಂದಿದ್ದರು. ಅವು ಈಗ ಯೂಟಾದ ವಸ್ತುಸಂಗ್ರಹಾಲಯಗಳಲ್ಲಿವೆ, ಕೆಳಗೆ ಚೀಟಿ, ಚೀಟಿಯಲ್ಲಿ ಹೆಸರು. ಇಲ್ಲಿ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಬೆಂಗಳೂರಿನ ಅಂಗಡಿಗಳಲ್ಲಿ ದಿಂಬಿನ ಗವಸಾಗಿ ಸಿಗುತ್ತದೆ. ಹೊಲಿದವಳ ಹೆಸರಿನ ಚೀಟಿ ನಾನು ಕಂಡ ಯಾವ ಗವಸಿನ ಮೇಲೂ ಇರಲಿಲ್ಲ. ಕಾಫಿ ತೋಟಕ್ಕೆ ಹೋಗುವಾಗ ದಾದಿ ಫೇಟಿಯಾ ತೊಡುತ್ತಿರಲಿಲ್ಲ. ಅದನ್ನು ಟ್ರಂಕಿನಲ್ಲಿಟ್ಟು ಸೀರೆ ಉಡುತ್ತಿದ್ದಳು. ‘ಗಿಡಕ್ಕೆ ಸಿಕ್ಕಿಕೊಳ್ಳುತ್ತದೆ’ ಅನ್ನುತ್ತಿದ್ದಳು. ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಜನ ನೋಡುವ ನೋಟದ ಬಗ್ಗೆ ಏನೂ ಅನ್ನುತ್ತಿರಲಿಲ್ಲ.

ಇನ್ನೊಂದು ಇದ್ದದ್ದು ಹಾಡು. ನಮ್ಮಲ್ಲಿ ಮದುಮಗಳು ತವರು ಬಿಡುವಾಗ ಧಾವ್ಲೋ ಹಾಡುತ್ತಾಳೆ. ಹಾಡೆಂದರೆ ಹಾಡಲ್ಲ, ಅಳುವೇ ರಾಗ. ಅಪ್ಪ, ಅವ್ವ, ಅಣ್ಣ, ಗೆಳತಿ ಒಬ್ಬೊಬ್ಬರನ್ನೂ ತಬ್ಬಿ ಅವರವರ ಋಣ ನೆನೆದು ಅಲ್ಲೇ ಕಟ್ಟಿ ಹಾಡಬೇಕು. ಆಮೇಲೆ ಎತ್ತಿನ ಬೆನ್ನೇರಿ ನಿಂತು, ಕೈ ಎತ್ತಿ, ತವರಿನ ತಾಂಡಾ ಚೆನ್ನಾಗಿರಲಿ ಎಂದು ಹರಸುವ ಹವೇಲಿ. ನಡೆಯುತ್ತಲೇ ಇರುವ ಜನರಲ್ಲಿ ಇವತ್ತು ಅಗಲಿದ ಮಗಳು ಮತ್ತೆ ಯಾವ ದಾರಿಯಲ್ಲಿ ಸಿಕ್ಕಾಳೋ ಯಾರಿಗೆ ಗೊತ್ತು. ಸಾಲು ಒಂದು ದಿಕ್ಕಿಗೆ, ಅವಳು ಒಂದು ದಿಕ್ಕಿಗೆ. ಅವಳ ದಿನಚರಿಯ ಕೊನೆಯ ಪುಟವನ್ನು ಅವಳು ಎತ್ತಿನ ಮೇಲೆ ನಿಂತು ಓದಿಬಿಡುತ್ತಿದ್ದಳು ಎಂದು ನನಗೀಗ ಅನ್ನಿಸುತ್ತದೆ.

ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ, ಒಂದು ಧಾವ್ಲೋ ಹಾಡು ಎಂದು ದಾದಿಯನ್ನು ಕೇಳಿದೆ. ‘ಯಾರು ಹೋಗುತ್ತಿದ್ದಾರೆ?’ ಅಂದಳು. ಯಾರೂ ಇಲ್ಲ, ಸುಮ್ಮನೆ ಅಂದೆ. ‘ಯಾರೂ ಹೋಗದೆ ಧಾವ್ಲೋ ಹಾಡಿದರೆ ಯಾರನ್ನೋ ಕಳಿಸಿದ ಹಾಗೆ’ ಎಂದು ಬಾಯಿ ಮುಚ್ಚಿಕೊಂಡಳು. ಎರಡು ವರ್ಷ ಕೇಳಿದೆ, ಅದೇ ಉತ್ತರ. ಆಮೇಲೆ ಚಿಕ್ಕಪ್ಪನ ಮಗಳ ಮದುವೆ ಬಂತು. ಚೌಲ್ಟ್ರಿ, ಡಿಜೆ, ಕಾರು. ಹುಡುಗಿಗೆ ಧಾವ್ಲೋ ಬರುತ್ತಿರಲಿಲ್ಲ. ಕಾರಿನ ಬಾಗಿಲು ಹಾಕುವ ಹೊತ್ತಿಗೆ ದಾದಿ ಮುಂದೆ ಬಂದು ಅವಳ ಕೊರಳಿಗೆ ಜೋತುಬಿದ್ದು ಅವಳ ಪರವಾಗಿ ಹಾಡತೊಡಗಿದಳು. ಅಪ್ಪನನ್ನು ನೆನೆದಳು, ಕೆರೆಯನ್ನು ನೆನೆದಳು, ಸತ್ತ ತನ್ನ ತಾಯಿಯನ್ನು ನೆನೆದಳು. ಯಾರೋ ಡಿಜೆ ನಿಲ್ಲಿಸಿದರು. ಫೋನು ನನ್ನ ಕೈಯಲ್ಲಿತ್ತು. ನಾಲ್ಕು ನಿಮಿಷ ಹನ್ನೊಂದು ಸೆಕೆಂಡ್. ಹಿಂದೆ ಕಾರಿನ ಇಂಜಿನ್ ಸದ್ದಿದೆ, ನಮ್ಮಮ್ಮ ಮೂಗು ಸೀಟುವ ಸದ್ದಿದೆ.

ಅದಾದ ಮೇಲೆ ದಾದಿ ಒಂದೂವರೆ ವರ್ಷ ಇದ್ದಳು. ಹಾಡು ಬೇಡ, ಬರೀ ಹೆಸರು ಹೇಳು ಅಂದೆ. ಅದಕ್ಕೆ ಅವಳ ಅಭ್ಯಂತರವಿರಲಿಲ್ಲ. ನಾನೇ ಗುಮಾಸ್ತಳಾದೆ. ಇನ್ನೂರು ಪುಟದ ರೂಲು ನೋಟುಬುಕ್ಕು. ತಾಂಡಾದ ಒಂದೊಂದು ಮನೆ, ಆ ಮನೆಗೆ ಸೊಸೆಯಾಗಿ ಬಂದವರು, ಆ ಮನೆಯಿಂದ ಹೋದವರು, ಎಲ್ಲಿಂದ ಎಲ್ಲಿಗೆ. ಗಂಡಸರ ಹೆಸರು ಹೇಗಿದ್ದರೂ ನಾಯ್ಕ, ಕಾರಭಾರಿ ಎಂದು ಎಲ್ಲರ ನೆನಪಿನಲ್ಲಿದ್ದವು. ಹೆಂಗಸರದ್ದನ್ನು ಮಾತ್ರ ಕೇಳಿದೆ. 63 ಹೆಸರಾದವು. ಕಡೂರಿನ ಕಡೆಯಿಂದ ಬಂದವರು, ತರೀಕೆರೆಗೆ ಹೋದವರು. ಬೇಲೂರಿನ ತೋಟಗಳಲ್ಲೇ ನಿಂತುಬಿಟ್ಟವರು. ತೋಟದ ಆ ಹದಿನಾಲ್ಕು ಹೆಣ್ಣಾಳುಗಳಲ್ಲಿ ಹನ್ನೆರಡು ಮಂದಿಯ ಹೆಸರೂ ಅದರಲ್ಲಿದೆ.

ಕೊನೆಗೆ ಅವಳದೇ ಸಾಲು. ತನ್ನ ಹೆಸರು ಹೇಳಿದಳು. ತಾಯಿಯ ಹೆಸರು ಹೇಳಿದಳು. ತಾಯಿಯ ತಾಯಿಯ ಹೆಸರು, ಹೇರೆತ್ತಿನ ಜೊತೆ ನಡೆದ ಆ ನಾನಿಯದು, ಹೇಳಿದಳು. ನಾನಿಯ ತಾಯಿ? ದಾದಿ ಬಹಳ ಹೊತ್ತು ಯೋಚಿಸಿದಳು. ಹುಣಸೆಮರದ ಬುಡದಲ್ಲಿ ಕೂಸನ್ನು ಬಿಟ್ಟು ಬಂದವಳು ಅವಳೇ. ಹೆಸರು ನೆನಪಾಗಲಿಲ್ಲ. ‘ಅವಳ ಎತ್ತಿನ ಹೆಸರು ಧೋಳ್ಯಾ’ ಅಂದಳು ಥಟ್ಟನೆ. ಬಿಳಿಯ ಎಂದರ್ಥ. ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ನಡೆಯುವ ಎತ್ತು, ಕೊರಳಲ್ಲಿ ಗಂಟೆ, ಕೊಂಬಿಗೆ ಕುಚ್ಚು. ಅದು ನಿಂತರೆ ಸಾಲೆಲ್ಲ ನಿಲ್ಲುತ್ತಿತ್ತಂತೆ. ಐದು ತಲೆಮಾರು ದಾಟಿ ಎತ್ತಿನ ಹೆಸರು ಬಂದಿತ್ತು.

ಬರೆದುಕೊಂಡೆ. ನೋಟುಬುಕ್ಕಿನ 64ನೆಯ ಸಾಲು ಹೀಗಿದೆ: ಹೆಸರು ತಿಳಿಯದು. ರೈಲಿಗಿಂತ ಮುಂಚೆ ನಡೆದವಳು. ಎತ್ತು, ಧೋಳ್ಯಾ.